ಸೀರೆಯ ಮೇಲೂ ಒಗ್ಗುವ ಸ್ವೆಟರ್ ಯಾವುದು? ಈ ಚಳಿಗಾಲದ ಮೂರು ಹೆಣಿಗೆ ಮಾದರಿಗಳು

ಈ ಚಳಿಗಾಲಕ್ಕೆಂದು ದುಡ್ಡು ಕೊಟ್ಟು ತರಿಸಿಕೊಂಡ ಮೂರು ಸ್ವೆಟರ್ ಮಾದರಿಗಳಲ್ಲಿ (ಹೆಣೆಯುವ ಕ್ರಮ ಬರೆದ ಕಾಗದಗಳು) ನಾನು ಮತ್ತೆ ಹೆಣೆಯುವುದು ಒಂದನ್ನೇ: ಕತ್ತಿನಿಂದ ಶುರುವಾಗಿ ಕೆಳಗಿಳಿಯುವ, ಮುಂದೆ ಗುಂಡಿಯಿರುವ ರಾಗ್ಲಾನ್ ಕಾರ್ಡಿಗನ್. ಉಳಿದೆರಡರಲ್ಲಿ ಒಂದು ಬಿಡಿ ಭಾಗಗಳ ಕಾರ್ಡಿಗನ್. ಬೆನ್ನು, ಎರಡು ಮುಂಭಾಗ, ಎರಡು ತೋಳು ಬೇರೆ ಬೇರೆ ಹೆಣೆದು ಕೊನೆಗೆ ಹೊಲಿದು ಜೋಡಿಸಬೇಕು. ಮತ್ತೊಂದು ಗುಂಡಿಯಿಲ್ಲದ, ಭುಜದ ಸುತ್ತ ಬಣ್ಣದ ಚಿತ್ತಾರ ಬರುವ ಯೋಕ್ ಸ್ವೆಟರ್. ಮೊಬೈಲಿನಲ್ಲಿ ಚಿತ್ರ ನೋಡಿದವರೆಲ್ಲ ಮರುಳಾಗುವುದು ಇದಕ್ಕೇ. ಮೂರನ್ನೂ ಪೂರ್ತಿ ಹೆಣೆದು, ಮನೆಯವರಿಗೆ ತೊಡಿಸಿ, ಒಗೆದು ಒಣಗಿಸಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಚಿಕ್ಕಮಗಳೂರಿನ ಚಳಿಗೆ ಗುಂಡಿ ಇಲ್ಲದ ಸ್ವೆಟರ್ ಸರಿಹೋಗುವುದಿಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಡಿಸೆಂಬರ್, ಜನವರಿಯಲ್ಲಿ ಕಾಫಿ ಕುಯ್ಲಿನ ಹೊತ್ತಿಗೆ ಬೆಳಗಿನ ಜಾವ ಗಿರಿಯ ಕಡೆಯಿಂದ ಬೀಸುವ ಗಾಳಿಗೆ ಹಲ್ಲು ಕಟಕಟ ಎನ್ನುತ್ತದೆ. ಹನ್ನೊಂದು ಗಂಟೆಗೆ ಬಿಸಿಲು ಚುರುಕಾದರೆ ಅದೇ ಸ್ವೆಟರ್ ಮೈಮೇಲೆ ಇರಗೊಡುವುದಿಲ್ಲ. ಕಣದಲ್ಲಿ ಕಾಫಿ ಹರಡಿಸುತ್ತಾ ನಿಂತವರು ತಲೆಯ ಮೇಲಿಂದ ಎಳೆದು ತೆಗೆಯುವಂಥದ್ದನ್ನು ಹೇಗೆ ತೊಟ್ಟಾರು? ತುರುಬು ಕಟ್ಟಿ, ಹೂವು ಮುಡಿದು, ಕನ್ನಡಕ ಹಾಕಿದವರಿಗಂತೂ ಅದು ದೂರದ ಮಾತು. ನಮ್ಮ ಅತ್ತೆಯವರು ಯೋಕ್ ಸ್ವೆಟರನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಬಹಳ ಚೆನ್ನಾಗಿದೆ ಕಣಮ್ಮ, ಆದರೆ ನನಗೆ ಮುಂದೆ ಗುಂಡಿ ಇಟ್ಟು ಹಾಕಿಕೊಡು" ಎಂದರು. ಅಲ್ಲಿಗೆ ಅರ್ಧ ತೀರ್ಮಾನ ಆಯಿತು.

ಇನ್ನರ್ಧ ತೀರ್ಮಾನ ಎಡ ಭುಜದ್ದು. ಸೀರೆಯ ಸೆರಗಿನ ನೆರಿಗೆಗಳೆಲ್ಲ ಅಲ್ಲಿಯೇ ಕೂಡಿ, ಪಿನ್ನು ಬಿದ್ದು, ಒಂದು ಸಣ್ಣ ಗಂಟಿನಷ್ಟು ದಪ್ಪವಾಗಿರುತ್ತದೆ. ಬಿಡಿ ಭಾಗಗಳ ಕಾರ್ಡಿಗನ್‌ನಲ್ಲಿ ಭುಜದ ಹೊಲಿಗೆಯೂ ತೋಳಿನ ಹೊಲಿಗೆಯೂ ಸರಿಯಾಗಿ ಆ ಗಂಟಿನ ಸುತ್ತಲೇ ಬಂದು ಕೂರುತ್ತವೆ. ಬಲಗಡೆ ಅಚ್ಚುಕಟ್ಟಾಗಿ ಕಾಣುವ ಸ್ವೆಟರ್ ಎಡಗಡೆ ಬಿಗಿದು ಮೇಲಕ್ಕೆ ಏರುತ್ತದೆ. ರಾಗ್ಲಾನ್‌ನಲ್ಲಿ ಭುಜಕ್ಕೆ ಹೊಲಿಗೆಯೇ ಇಲ್ಲ. ಕತ್ತಿನಿಂದ ಕಂಕುಳಿಗೆ ಓರೆಯಾಗಿ ಇಳಿಯುವ ನಾಲ್ಕು ಗೆರೆಗಳು ಮಾತ್ರ. ಸಾಲು ಬಿಟ್ಟು ಸಾಲಿಗೆ ಪ್ರತಿ ಗೆರೆಯ ಎರಡು ಬದಿಯಲ್ಲೂ ಒಂದೊಂದರಂತೆ ಒಟ್ಟು ಎಂಟು ಕುಣಿಕೆ ಹೆಚ್ಚುತ್ತಾ ಹೋಗುತ್ತವೆ. ಹಾಗಾಗಿ ಭುಜದ ಮೇಲೆ ಹೆಣಿಗೆ ಒಂದೇ ಹಾಳೆಯಾಗಿ ಹಿಗ್ಗಿ ಸೆರಗಿಗೆ ಜಾಗ ಬಿಡುತ್ತದೆ. ಈ ಮಾದರಿ ಬರೆದವರು ಸೀರೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಲಿಕ್ಕಿಲ್ಲ. ಆದರೂ ನಮಗೆಂದೇ ಬರೆದ ಹಾಗಿದೆ.

ಈಗ ಯೋಕ್ ಸ್ವೆಟರಿನ ಮೇಲಿರುವ ನನ್ನ ಸಿಟ್ಟನ್ನು ಹೇಳಲೇಬೇಕು. ಆ ಮಾದರಿಯಲ್ಲಿ ಕಡ್ಡಿಯ ಅಳತೆ "8ನೇ ನಂಬರ್" ಎಂದಷ್ಟೇ ಇತ್ತು. ಮಿಲಿಮೀಟರ್ ಇಲ್ಲ, ಯಾವ ದೇಶದ ನಂಬರ್ ಎನ್ನುವುದೂ ಇಲ್ಲ. ನಮ್ಮ ಮನೆಗಳಲ್ಲಿರುವ ಹಳೆಯ ಜೋಡಿ ಕಡ್ಡಿಗಳ ತಲೆಯ ಮೇಲೆ ಕೊರೆದಿರುವುದು ಬ್ರಿಟಿಷ್ ನಂಬರ್. ಅದರಲ್ಲಿ 8 ಎಂದರೆ 4 ಮಿ.ಮೀ. ದಪ್ಪ. ಅಮೆರಿಕದ ಲೆಕ್ಕದಲ್ಲಿ 8 ಎಂದರೆ 5 ಮಿ.ಮೀ. ಅಷ್ಟೇ ಅಲ್ಲ, ಎರಡು ಲೆಕ್ಕಗಳೂ ಎದುರು ಬದುರು ನಡೆಯುತ್ತವೆ. ಬ್ರಿಟಿಷ್ ಲೆಕ್ಕದಲ್ಲಿ ನಂಬರ್ ಏರಿದಷ್ಟೂ ಕಡ್ಡಿ ಸಣ್ಣ, ಅಮೆರಿಕದ್ದರಲ್ಲಿ ನಂಬರ್ ಏರಿದಷ್ಟೂ ಕಡ್ಡಿ ದಪ್ಪ. ಬ್ರಿಟಿಷ್ 10 ಹಿಡಿದರೆ 3.25 ಮಿ.ಮೀ., ಅಮೆರಿಕದ 10 ಹಿಡಿದರೆ 6 ಮಿ.ಮೀ.

ನನ್ನ ಕೈಯಲ್ಲಿದ್ದ 8ನೇ ನಂಬರ್ ಕಡ್ಡಿಯಲ್ಲಿ ಮೊದಲು ಒಂದು ಚೌಕ ತುಂಡು ಹೆಣೆದು, ಒಗೆದು, ಒಣಗಿಸಿ ಅಳೆದೆ. 10 ಸೆಂ.ಮೀ.ಗೆ 22 ಕುಣಿಕೆ ಬಂತು. ಮಾದರಿ ಕೇಳಿದ್ದು 18. ನಾಲ್ಕು ಕುಣಿಕೆಯಲ್ಲಿ ಏನು ಮಹಾ ಎನ್ನಬೇಡಿ. ಮೈಸುತ್ತಿಗೆ 180 ಕುಣಿಕೆ ಎಂದಿದ್ದರು. 18ರ ಲೆಕ್ಕದಲ್ಲಿ ಅದು 100 ಸೆಂ.ಮೀ. ಆಗುತ್ತದೆ, 22ರ ಲೆಕ್ಕದಲ್ಲಿ ಸುಮಾರು 82. ದೊಡ್ಡವರಿಗೆಂದು ಹೆಣೆದದ್ದು ಶಾಲೆಯ ಹುಡುಗಿಗೆ ಆಗುತ್ತದೆ! ಮಾರಿದವರಿಗೆ ಬರೆದು ಕೇಳಿದರೆ, ಕೋಷ್ಟಕ ನೋಡಿಕೊಳ್ಳಿ ಎಂದು ಉತ್ತರ ಬಂತು. ಐದಾರು ನೂರು ರೂಪಾಯಿ ಪಡೆದು ಕೊಡುವ ಕಾಗದದಲ್ಲಿ "5 ಮಿ.ಮೀ." ಎಂದು ಬರೆಯಲು ಎಷ್ಟು ಜಾಗ ಬೇಕು?

ಸರಿ, 5 ಮಿ.ಮೀ.ನ ಕೇಬಲ್ ಕಡ್ಡಿ (ಬಾಗುವ ತಂತಿಯಿಂದ ಜೋಡಿಸಿದ ಎರಡು ಕಡ್ಡಿ) ತರಿಸಿದೆ. ನಮ್ಮ ಪೇಟೆಯಲ್ಲಿ ಸಿಗುವ ಅಕ್ರಿಲಿಕ್ ಉಲ್ಲನ್ ಆ ಕಡ್ಡಿಗೆ ಜಾಳುಜಾಳಾಗಿ ಬಂದು ಒಳಗಿನ ಬಟ್ಟೆಯ ಬಣ್ಣ ಕಾಣತೊಡಗಿತು. 4.5 ಮಿ.ಮೀ.ಗೆ ಇಳಿಸಿದಾಗ 20 ಕುಣಿಕೆ ಬಂದು ಹೆಣಿಗೆ ಗಟ್ಟಿಯಾಯಿತು. ಇಲ್ಲಿ ಕೈಹಿಡಿದದ್ದು ಎಲಿಜಬೆತ್ ಝಿಮ್ಮರ್‌ಮನ್ ಎಂಬ ಹೆಣಿಗೆಗಾರ್ತಿ ಹೇಳಿಕೊಟ್ಟ ಶೇಕಡಾ ಲೆಕ್ಕ. ಮೈಸುತ್ತನ್ನು ನೂರು ಎಂದು ಹಿಡಿದರೆ ಮುಂಗೈ ಪಟ್ಟಿ 20, ತೋಳಿನ ಮೇಲ್ಭಾಗ ಸುಮಾರು 33, ಕಂಕುಳು 8, ಕತ್ತು 40. ಅಂದರೆ 100 ಸೆಂ.ಮೀ. ಮೈಗೆ 200 ಕುಣಿಕೆ, ಪಟ್ಟಿಗೆ 40, ತೋಳಿಗೆ 66, ಕಂಕುಳಿಗೆ 16, ಕತ್ತಿಗೆ 80. ಮೈಯನ್ನೂ ಎರಡು ತೋಳುಗಳನ್ನೂ ಒಂದೇ ಕಡ್ಡಿಗೆ ಸೇರಿಸಿ, ಕಂಕುಳಿನ ನಾಲ್ಕು ಹದಿನಾರನ್ನು (ಮೈಯ ಎರಡು ಬದಿಯವು, ಎರಡು ತೋಳಿನವು) ಬದಿಗಿಟ್ಟರೆ ಉಳಿಯುವುದು 268. ಚಿತ್ತಾರವೋ 12 ಕುಣಿಕೆಗೊಮ್ಮೆ ಮರುಕಳಿಸುವುದು. 268 ಹನ್ನೆರಡರಿಂದ ಭಾಗವಾಗುವುದಿಲ್ಲ. ನಾಲ್ಕು ಕುಣಿಕೆ ಕಡಿಮೆ ಮಾಡಿ 264ಕ್ಕೆ ತಂದ ಮೇಲೆ 22 ಹೂವುಗಳು ಸರಿಯಾಗಿ ಕೂತವು. ಲೆಕ್ಕ ಕೂಡಿಬಂದಾಗ ಆದ ಸಂತೋಷ ದೊಡ್ಡದೇ. ಆದರೆ ಅದಕ್ಕಾಗಿ ಮಾದರಿಗೆ ದುಡ್ಡು ಕೊಡಬೇಕಾಗಿರಲಿಲ್ಲ.

ಬಣ್ಣದ ಭಾಗದ ಇನ್ನೊಂದು ತೊಡಕು ಒಳಬದಿಯದು. ಪ್ರತಿ ಸುತ್ತಿನಲ್ಲೂ ಎರಡು ಬಣ್ಣದ ಎಳೆ ಒಟ್ಟಿಗೆ ಸಾಗುವುದರಿಂದ ಬಳಸದ ಎಳೆ ಹಿಂದೆ ತೂಗುತ್ತದೆ. ತೊಡುವಾಗ ಉಂಗುರ, ಬಳೆ, ಸೆರಗಿನ ಪಿನ್ನು ಎಲ್ಲವೂ ಅದಕ್ಕೆ ಸಿಕ್ಕಿಕೊಳ್ಳುತ್ತವೆ. ಒಂದು ಎಳೆ ಜಗ್ಗಿದರೆ ಮುಂದಿನ ಹೂವಿನ ದಳ ಮುದುಡುತ್ತದೆ.

ರಾಗ್ಲಾನ್ ಮಾದರಿಯಲ್ಲಿ ಇಂಥ ತಾಪತ್ರಯವಿಲ್ಲ. ಮೊದಲ ಸಾಲಿನಲ್ಲೇ 4.5 ಮಿ.ಮೀ. ಎಂದು ಬರೆದಿದ್ದಾರೆ, ಪೇಟೆಯ ಉಲ್ಲನ್‌ಗೆ 10 ಸೆಂ.ಮೀ.ಗೆ 20 ಕುಣಿಕೆ ಹಾಗೆಯೇ ಬರುತ್ತದೆ. ಕಂಕುಳಿನವರೆಗೆ ಹೆಣೆದು, ಕುಣಿಕೆಗಳನ್ನು ಬೇರೆ ದಾರಕ್ಕೆ ಪೋಣಿಸಿ, ತೊಡುವವರಿಗೇ ಹಾಕಿ ನೋಡಬಹುದು. ಅತ್ತೆಯವರಿಗೆ ಸೀರೆಯ ಮೇಲೆಯೇ ಹಾಕಿ ನೋಡಿ ಅಗಲ ನಿರ್ಧರಿಸಿದೆ. ಒಂದು ಕೊರತೆ ಇದೆ: ತೋಳಿಗೆ ಕುಣಿಕೆ ಎತ್ತಿಕೊಳ್ಳುವಾಗ ಕಂಕುಳಿನ ಎರಡು ಮೂಲೆಗಳಲ್ಲಿ ತೂತು ಬೀಳುತ್ತದೆ, ಮಾದರಿ ಅದರ ಬಗ್ಗೆ ಏನೂ ಹೇಳುವುದಿಲ್ಲ. ಪ್ರತಿ ಮೂಲೆಯಲ್ಲೂ ಒಂದು ಕುಣಿಕೆ ಹೆಚ್ಚಿಗೆ ಎತ್ತಿ, ಮುಂದಿನ ಸುತ್ತಿನಲ್ಲಿ ಪಕ್ಕದ್ದರ ಜೊತೆ ಸೇರಿಸಿ ಹೆಣೆದರೆ ಮುಚ್ಚಿಹೋಗುತ್ತದೆ.

ದಾರ ಸಾಲದಾದಾಗ ಇದರ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಸಣ್ಣ ಊರಿನ ಅಂಗಡಿಯಲ್ಲಿ ಒಂದು ಬಣ್ಣದ ಉಂಡೆಗಳು ಖಾಲಿಯಾದರೆ ಮುಂದಿನ ಸರಕು ಬರುವಾಗ ಅದೇ ಬಣ್ಣ ಅದೇ ಛಾಯೆಯಲ್ಲಿ ಬರುವ ಭರವಸೆ ಇಲ್ಲ. ಉಂಡೆಯ ಚೀಟಿಯ ಮೇಲೆ ಡೈ ಲಾಟ್ ನಂಬರ್, ಅಂದರೆ ಒಟ್ಟಿಗೆ ಬಣ್ಣ ಹಾಕಿದ ದಾರದ ಗುರುತು, ಹಾಕುವುದು ಅದಕ್ಕೇ. ರಾಗ್ಲಾನ್‌ನಲ್ಲಿ ದಾರ ಮುಗಿಯುವುದು ತೋಳಿನ ತುದಿಯಲ್ಲಿ. ಮುಕ್ಕಾಲು ತೋಳಿಗೆ ನಿಲ್ಲಿಸಿ ಪಟ್ಟಿ ಹಾಕಿದರೆ ಅದೇ ಒಂದು ಚೆಂದ, ಪಾತ್ರೆ ತೊಳೆಯುವಾಗ ಮಡಚುವ ಕೆಲಸವೂ ಇಲ್ಲ.

ಬಿಡಿ ಭಾಗಗಳ ಕಾರ್ಡಿಗನ್ ಕೆಟ್ಟದ್ದಲ್ಲ. ಹೊಲಿಗೆಗಳು ಆಕಾರವನ್ನು ಹಿಡಿದಿಡುವುದರಿಂದ ಒಗೆದಷ್ಟೂ ಜೋಲುವುದಿಲ್ಲ. ಒಂದೊಂದೇ ಭಾಗವನ್ನು ಚೀಲದಲ್ಲಿ ಹಾಕಿಕೊಂಡು ಹಾಸನದ ಬಸ್ಸಿನಲ್ಲಿ ಕೂತೂ ಹೆಣೆಯಬಹುದು. ಮಾವನವರು ಶರ್ಟಿನ ಮೇಲೆ ಅದನ್ನೇ ತೊಡುತ್ತಾರೆ, ಅವರ ಭುಜಕ್ಕೆ ಅದು ಅಳೆದು ಕೊಟ್ಟಂತಿದೆ. ನನಗೆ ಕೊನೆಯ ಹೊಲಿಗೆ ಕೆಲಸ ಹಿಡಿಸುವುದಿಲ್ಲ, ಅಷ್ಟೆ.

ಮಾದರಿಗಳ ಜೊತೆ ಬಂದ ಚಿಕ್ಕಪುಟ್ಟವುಗಳಲ್ಲಿ ಕತ್ತಿನ ಸುತ್ತುಪಟ್ಟಿ ಒಳ್ಳೆಯದು, ಸ್ಕೂಟರಿನಲ್ಲಿ ಹೋಗುವಾಗ ಮಫ್ಲರಿನಂತೆ ಹಾರುವುದಿಲ್ಲ. ಬೆರಳಿಲ್ಲದ ಕೈಗವಸು ಬಳೆ ತೊಡುವವರಿಗೆ ಬೇಡ. ಟೊಪ್ಪಿ ಸಾಧಾರಣ. ಮಗುವಿನ ಕುಲಾವಿಗೆ ಈಗಲೂ ನನ್ನ ಅಮ್ಮ ಹೇಳಿಕೊಟ್ಟ ಲೆಕ್ಕವೇ ಸಾಕು.

ಉಲ್ಲನ್ ವಿಷಯದಲ್ಲಿ ನಾನು ಅಕ್ರಿಲಿಕ್‌ನ ಪಕ್ಷ. ಶುದ್ಧ ಉಣ್ಣೆ ಹೆಚ್ಚು ಬೆಚ್ಚಗೆ, ನಿಜ. ಆದರೆ ಬಿಸಿ ನೀರಿನಲ್ಲಿ ಕುಕ್ಕಿದರೆ ಕುಗ್ಗಿ ಗಂಟಾಗುತ್ತದೆ, ಮಳೆಗಾಲದಲ್ಲಿ ನುಸಿಗುಳಿಗೆ ಹಾಕಿ ಕಾಯಬೇಕು, ಬೆಲೆಯೂ ಹೆಚ್ಚು. ಅಕ್ರಿಲಿಕ್‌ಗೆ ಇಸ್ತ್ರಿಪೆಟ್ಟಿಗೆ ಮಾತ್ರ ತಾಗಿಸಬೇಡಿ, ಬಿಸಿಗೆ ಪಟ್ಟಿಯ ಬಿಗಿ ಹೋದರೆ ಮತ್ತೆ ಬರುವುದಿಲ್ಲ.

ಒಂದೇ ಮಾದರಿಗೆ ದುಡ್ಡು ಹಾಕುವಿರಾದರೆ ರಾಗ್ಲಾನ್ ಕೊಳ್ಳಿ. ಯೋಕ್ ಸ್ವೆಟರ್ ಜೀನ್ಸ್ ತೊಟ್ಟು ಬೆಳಗಾಗುವ ಮುಂಚೆ ಮುಳ್ಳಯ್ಯನಗಿರಿ ಹತ್ತುವ ಹುಡುಗಿಯರಿಗೆ ಇರಲಿ. ನಾನು ಹೆಣೆದದ್ದನ್ನು ನಾದಿನಿಯ ಮಗಳು ಆಗಲೇ ತೆಗೆದುಕೊಂಡು ಹೋಗಿದ್ದಾಳೆ. ಅದೇ ಚಿತ್ತಾರವನ್ನು ಗುಂಡಿಯ ಕಾರ್ಡಿಗನ್ನಿಗೆ ಹೊಂದಿಸಿ, ಮಿಲಿಮೀಟರ್ ಹಾಕಿ ಬರೆದ ಮಾದರಿ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ತಿಳಿಸಿ, ದುಡ್ಡು ಕೊಟ್ಟೇ ಕೊಳ್ಳುತ್ತೇನೆ.