ಫೈನಲ್‌ಗೆ ಒಂದೇ ಟಿಕೆಟ್: ಲುಸೈಲ್ ಸ್ಟೇಡಿಯಂ ಮೇಲಾ, ಅಲ್ ಬಿದ್ದಾ ಪಾರ್ಕ್ ಮೇಲಾ?

2022ರ ಡಿಸೆಂಬರ್‌ನಲ್ಲಿ ಫುಟ್‌ಬಾಲ್ ವಿಶ್ವಕಪ್ ನೋಡೋಕೆ ಕತಾರ್‌ಗೆ ಹೊರಟಾಗ ನಾನು, ನನ್ನ ದೋಸ್ತ ಇಬ್ಬರ ಹತ್ತಿರ ಸೆಮಿಫೈನಲ್‌ಗೆ ಎರಡು ಟಿಕೆಟ್ ಇತ್ತು, ಫೈನಲ್‌ಗೆ ಒಂದೇ. ಇನ್ನೊಂದು ಅಲ್ಲಿ ಹೋದ ಮೇಲೆ ಹೇಗೋ ಸಿಗುತ್ತೆ ಅನ್ನೋ ಮೊಂಡು ಧೈರ್ಯ. ಬೆಳಗಿನ ಜಾವ ಅಲಾರಂ ಇಟ್ಟು ಎದ್ದು, ಕಣ್ಣು ಉಜ್ಜಿಕೊಂಡು, ಫಿಫಾದ ಮರುಮಾರಾಟದ ಪುಟವನ್ನು ನಾಲ್ಕು ದಿನ ರಿಫ್ರೆಶ್ ಮಾಡಿದೆವು. ಸಿಗಲಿಲ್ಲ. ಇದ್ದ ಒಂದು ಟಿಕೆಟ್ ದೋಸ್ತನ ಹೆಸರಲ್ಲಿತ್ತು, ಹಾಗಾಗಿ ಚೀಟಿ ಎತ್ತೋ ಮಾತೇ ಬರಲಿಲ್ಲ. ಅವನು ಸ್ಟೇಡಿಯಂಗೆ, ನಾನು ಅಲ್ ಬಿದ್ದಾ ಪಾರ್ಕಿನಲ್ಲಿ ದೊಡ್ಡ ಪರದೆ ಮೇಲೆ ಪಂದ್ಯ ತೋರಿಸೋ ಫ್ಯಾನ್ ಫೆಸ್ಟಿವಲ್‌ಗೆ. ಸೆಮಿಫೈನಲ್ ಮಾತ್ರ ಇಬ್ಬರೂ ಅದೇ ಲುಸೈಲ್‌ನಲ್ಲಿ ನೋಡಿದ್ದೆವು, ಆದ್ದರಿಂದ ಎರಡರ ರುಚಿಯೂ ನನಗೆ ಗೊತ್ತು.

ಮೊದಲು ದುಡ್ಡು. ಕೆಟಗರಿ 3ರಲ್ಲಿ ಸೆಮಿಫೈನಲ್‌ಗೆ 1,300 ರಿಯಾಲ್, ಫೈನಲ್‌ಗೆ 2,200. ನಮ್ಮ ಲೆಕ್ಕದಲ್ಲಿ ಫೈನಲ್ ಸೀಟಿಗೆ ಸುಮಾರು ಐವತ್ತು ಸಾವಿರ ರೂಪಾಯಿ. ಇನ್ನೂ ಅಗ್ಗದ ಕೆಟಗರಿ 4 ಇತ್ತು, ಆದರೆ ಅದು ಕತಾರ್‌ನಲ್ಲೇ ವಾಸ ಇರೋರಿಗೆ ಮಾತ್ರ. ಪಾರ್ಕಿಗೆ ಹಯ್ಯಾ ಕಾರ್ಡ್, ಅಂದರೆ ವಿಶ್ವಕಪ್‌ಗೆ ಬಂದವರಿಗೆ ಕೊಟ್ಟ ಗುರುತಿನ ಚೀಟಿ, ತೋರಿಸಿದರೆ ಸಾಕಿತ್ತು, ದುಡ್ಡಿಲ್ಲ. ಮೆಟ್ರೋನೂ ಅದೇ ಕಾರ್ಡಿನಲ್ಲಿ ಪುಕ್ಕಟೆ ಇತ್ತು. ಉಳಿದುಕೊಂಡಿದ್ದು ದೋಹಾದ ನಜ್ಮಾ ಬಡಾವಣೆಯಲ್ಲಿ, ದೋಸ್ತನ ಚಿಕ್ಕಮ್ಮನ ಮಗನ ರೂಮಿನಲ್ಲಿ, ನೆಲದ ಮೇಲೆ ಹಾಸಿಗೆ ಹಾಕಿಕೊಂಡು. ಇಲ್ಲದಿದ್ದರೆ ಈ ಪ್ರವಾಸವೇ ಆಗುತ್ತಿರಲಿಲ್ಲ ಬಿಡಿ.

ಆಟ ಕಾಣೋ ವಿಷಯಕ್ಕೆ ಬಂದರೆ ಸ್ಟೇಡಿಯಂದು ಬೇರೆಯೇ ಕಥೆ. ಸುಮಾರು 89 ಸಾವಿರ ಜನ ಹಿಡಿಸೋ ಬಟ್ಟಲು ಅದು, ನಮ್ಮ ಸೀಟು ಮೇಲಿನ ಅಂತಸ್ತಿನಲ್ಲಿ, ಅಲ್ಲಿಂದ ಮೆಸ್ಸಿ ಕಡಲೆಕಾಳಿನಷ್ಟು ಕಾಣುತ್ತಾನೆ. ಆದರೆ ಇಡೀ ಮೈದಾನ ಒಮ್ಮೆಗೇ ಕಣ್ಣಿಗೆ ಬೀಳುತ್ತೆ, ಅಲ್ವಾ? ಟಿವಿ ಚೆಂಡಿನ ಹಿಂದೆ ಓಡುತ್ತೆ. ಚೆಂಡು ಇಲ್ಲದ ಕಡೆ ಏನಾಗುತ್ತಿದೆ ಅನ್ನೋದು ಮೇಲೆ ಕೂತವನಿಗೆ ಮಾತ್ರ ಗೊತ್ತು. ಸೆಮಿಫೈನಲ್‌ನಲ್ಲಿ ಕ್ರೊಯೇಷಿಯಾ ವಿರುದ್ಧ ಅರ್ಜೆಂಟೀನಾದ ಮೆಸ್ಸಿ ಎಷ್ಟು ಹೊತ್ತು ಸುಮ್ನೆ ನಡೆಯುತ್ತಾನೆ ಅಂದರೆ, ಸಂಜೆ ವಾಕಿಂಗ್‌ಗೆ ಬಂದ ಅಂಕಲ್ ಥರ, ತಲೆ ಮಾತ್ರ ಎಡಕ್ಕೆ ಬಲಕ್ಕೆ ತಿರುಗುತ್ತಾ ಇರುತ್ತೆ. ಆಮೇಲೆ 69ನೇ ನಿಮಿಷ. ಬಲಗಡೆ ಚೆಂಡು ಸಿಕ್ಕಿತು, ಕ್ರೊಯೇಷಿಯಾದ ಡಿಫೆಂಡರ್ ಗ್ವಾರ್ಡಿಯೋಲ್ ಬೆನ್ನಿಗೆ ಅಂಟಿಕೊಂಡಿದ್ದರೂ ಅವನನ್ನು ತಿರುಗಿಸಿ ತಿರುಗಿಸಿ ಒಳಗೆ ನುಗ್ಗಿ ತನ್ನ ತಂಡದ ಆಲ್ವಾರೆಜ್‌ಗೆ ಕೊಟ್ಟ. ಮೂರನೇ ಗೋಲು. ಅಷ್ಟು ಹೊತ್ತು ನಡೆದದ್ದು ಯಾಕೆ ಅಂತ ಆಗ ಅರ್ಥವಾಯಿತು. ಪಾರ್ಕಿನ ಪರದೆ ಎಷ್ಟೇ ದೊಡ್ಡದಿದ್ದರೂ ಇದನ್ನು ತೋರಿಸಲ್ಲ.

ಹಾಗಂತ ಪಾರ್ಕ್ ಸಪ್ಪೆ ಅಂದುಕೊಳ್ಳಬೇಡಿ. ಫೈನಲ್ ಸಂಜೆ ಆರಕ್ಕೆ, ನಾನು ಮೂರಕ್ಕೇ ಹೋಗಿ ಹುಲ್ಲಿನ ಮೇಲೆ ಕೂತೆ. ಅವತ್ತು ಕತಾರ್‌ನ ರಾಷ್ಟ್ರೀಯ ದಿನ ಬೇರೆ, ಕಡಲ ದಂಡೆಯ ಕಾರ್ನಿಶ್ ರಸ್ತೆ ಉದ್ದಕ್ಕೂ ಜನವೋ ಜನ. ಸುತ್ತ ಮಲಯಾಳಿಗಳು, ಬಾಂಗ್ಲಾದವರು, ನೇಪಾಳದವರು, ಮೆಸ್ಸಿ ಅಂಗಿ ಹಾಕದವನೇ ಕಡಿಮೆ. ನಾನು ಬ್ರೆಜಿಲ್ ಕಡೆಯವನು, ಕ್ವಾರ್ಟರ್ ಫೈನಲ್‌ನಲ್ಲೇ ಮನೆಗೆ ಹೋದ ತಂಡದ ಹಳದಿ ಅಂಗಿ ಹಾಕಿಕೊಂಡು ಕೂತಿದ್ದಕ್ಕೆ ಪಕ್ಕದ ಕಣ್ಣೂರಿನವರು ಕರುಣೆಯಿಂದ ಚಿಪ್ಸ್ ಕೊಟ್ಟರು.

ಸ್ಟೇಡಿಯಂನಲ್ಲಿ ಬಿಯರ್ ಇರಲಿಲ್ಲ, ಟೂರ್ನಿ ಶುರುವಾಗೋಕೆ ಎರಡು ದಿನ ಮುಂಚೆ ನಿಲ್ಲಿಸಿಬಿಟ್ಟಿದ್ದರು. ಪಾರ್ಕಿನಲ್ಲಿ ಸಂಜೆ ಏಳರ ಮೇಲೆ ಸಿಗುತ್ತಿತ್ತು, ಅರ್ಧ ಲೀಟರ್‌ಗೆ 50 ರಿಯಾಲ್, ಅಂದರೆ ಸಾವಿರದ ನೂರು ರೂಪಾಯಿ ಮೇಲೆ. ಅರ್ಜೆಂಟೀನಾ 2-0 ಮುಂದಿದೆ, ಫ್ರಾನ್ಸ್ ಎದ್ದು ನಿಲ್ಲುವ ಲಕ್ಷಣವೇ ಇಲ್ಲ, ಮುಗೀತು ಕಥೆ ಅಂತ ನಾನು ಬಿಯರ್ ಕ್ಯೂಗೆ ಹೋದೆ. 80ನೇ ನಿಮಿಷ ಫ್ರಾನ್ಸ್‌ನ ಎಂಬಾಪೆ ಪೆನಾಲ್ಟಿ ಗೋಲು. ಓಡಿ ವಾಪಸ್ ಬರಬೇಕು ಅಂದುಕೊಳ್ಳೋದರೊಳಗೆ ಇನ್ನೊಂದು. ಎರಡರ ನಡುವೆ ಎರಡು ನಿಮಿಷವೂ ಇರಲಿಲ್ಲ. ವಿಶ್ವಕಪ್ ಫೈನಲ್‌ನ ಅತಿ ದೊಡ್ಡ ತಿರುವನ್ನು ನಾನು ಒಬ್ಬ ಎತ್ತರದ ಮನುಷ್ಯನ ಬೆನ್ನಿನ ಹಿಂದೆ ನಿಂತು ಬರೀ ಕಿವಿಯಲ್ಲಿ ಕೇಳಿದೆ. ಬಿಯರ್‌ ಸಹ ಸಿಗಲಿಲ್ಲ.

ಅಲ್ಲಿಂದಾಚೆ ಪಾರ್ಕ್ ಒಂದು ಕೈ ಮೇಲು ಅಂತಲೇ ನನ್ನ ಅಭಿಪ್ರಾಯ. ಹೆಚ್ಚುವರಿ ಸಮಯದಲ್ಲಿ ಪ್ರತಿಯೊಂದೂ ಮರುಪ್ರಸಾರ, ಹತ್ತಿರದಿಂದ ಮುಖಗಳು. 3-3 ಆದಾಗ ಕಣ್ಣೂರಿನ ಒಬ್ಬರು ಪರದೆಗೆ ಬೆನ್ನು ಹಾಕಿ ಕೂತವರು ಪೆನಾಲ್ಟಿಗಳು ಮುಗಿಯೋವರೆಗೂ ತಿರುಗಲಿಲ್ಲ, ಮೊಂಟಿಯೆಲ್ ಗೋಲು ಹೊಡೆದು ಅರ್ಜೆಂಟೀನಾ ಗೆದ್ದಾಗ ನಾನೇ ಭುಜ ಅಲುಗಾಡಿಸಿ ಹೇಳಬೇಕಾಯಿತು. ಆದರೆ ಆ ಗಳಿಗೆಯಲ್ಲಿ ಪಕ್ಕದಲ್ಲಿ ದೋಸ್ತ ಇರಲಿಲ್ಲ ನೋಡಿ. ಅಪರಿಚಿತರನ್ನು ತಬ್ಬಿಕೊಂಡೆ, ಖುಷಿಯಾಯಿತು, ಆದರೂ ಅದೇನೋ ಒಗ್ಗರಣೆ ಇಲ್ಲದ ಸಾರಿನ ಹಾಗೆ. ಯಾರಾದರೂ ಕೇಳಿದರೆ ನಾನು ಹೇಳೋದು ಇಷ್ಟೇ: ಫೈನಲ್‌ಗೆ ಒಂದೇ ಟಿಕೆಟ್ ಇದ್ದರೆ ಮಾರಿಬಿಡಿ, ಆ ದುಡ್ಡಲ್ಲಿ ಅದಕ್ಕೂ ಮುಂಚಿನ ಯಾವುದಾದರೂ ಅಗ್ಗದ ಪಂದ್ಯಕ್ಕೆ ಎರಡು ಸೀಟು ತಗೊಳ್ಳಿ, ಫೈನಲ್ ಇಬ್ಬರೂ ಪಾರ್ಕಿನಲ್ಲಿ ನೋಡಿ.

ವಾಪಸ್ ಬರೋದು ಪಾರ್ಕಿನಿಂದ ಸಲೀಸು, ಒಂದು ಗಂಟೆಯೊಳಗೆ ನಜ್ಮಾದಲ್ಲಿದ್ದೆ. ಲುಸೈಲ್‌ನಲ್ಲಿ ಸೆಮಿಫೈನಲ್ ದಿನವೇ ನೋಡಿದ್ದೆ, ಮೆಟ್ರೋ ಸ್ಟೇಷನ್ ಎದುರಿಗೇ ಕಾಣುತ್ತೆ, ಆದರೆ ಬ್ಯಾರಿಕೇಡ್ ನಡುವೆ ತಿರುಪತಿ ಕ್ಯೂ ಥರ ಸುತ್ತಿಸಿ ಸುತ್ತಿಸಿ ಬಿಡುತ್ತಿದ್ದರು, ಕೈಗೆ ದೊಡ್ಡ ಫೋಮ್ ಬೆರಳು ಹಾಕಿಕೊಂಡ ಹುಡುಗರು 'ಮೆಟ್ರೋ, ದಿಸ್ ವೇ' ಅಂತ ಹಾಡುತ್ತಾ ಇದ್ದರು.

ದೋಸ್ತ ಬಂದಾಗ ಬೆಳಗಿನ ಜಾವ ಎರಡೂವರೆ. ಗಂಟಲು ಪೂರ್ತಿ ಹೋಗಿತ್ತು. ತೆರೆದ ಬಸ್ಸಿನಲ್ಲಿ ಕಪ್ ಹಿಡಿದುಕೊಂಡು ಹೋದ ಅರ್ಜೆಂಟೀನಾದವರನ್ನು ನೋಡಿದ ಕಥೆ ಕರಕ್ ಚಹಾ ಕುಡಿಯುತ್ತಾ ಪಿಸುಮಾತಿನಲ್ಲೇ ಹೇಳಿದ. ಹೇಳಿ ಮುಗಿಸಿ, "ಮಗಾ, ಕೊನೇ ನಿಮಿಷ ಫ್ರಾನ್ಸ್‌ನ ಕೊಲೊ ಮುವಾನಿ ಹೊಡೆದದ್ದನ್ನ ನಮ್ಮ ಅರ್ಜೆಂಟೀನಾ ಗೋಲ್‌ಕೀಪರ್ ಮಾರ್ಟಿನೆಜ್ ಯಾವುದರಲ್ಲಿ ತಡೆದದ್ದೋ? ಕೈಯಾ, ಕಾಲಾ? ನಾನಿದ್ದ ಕಡೆಯಿಂದ ಏನೂ ಕಾಣಲಿಲ್ಲ" ಅಂದ. ಎಡಗಾಲು ಕಣೋ ಅಂದೆ. ನಂಬಲಿಲ್ಲ. ನನ್ನ ಮೊಬೈಲ್ ಕಿತ್ತುಕೊಂಡು ಆರು ಸಲ ಹಾಕಿಕೊಂಡು ನೋಡಿದ.