ಮೀಟರಿನ ಮುಳ್ಳನ್ನು ನಂಬಿ ಕೆಟ್ಟೆ: ಹಳೆಯ ಜೀಪು ಇಟ್ಟುಕೊಂಡವರು ದಯವಿಟ್ಟು ಓದಿ

ಹಳೆಯ ಫೋರ್ ವೀಲ್ ಡ್ರೈವ್ ಜೀಪು ಬಿಸಿಯಾಗುತ್ತಿದೆ ಎಂದು ಯಾವುದಾದರೂ ಗ್ಯಾರೇಜಿಗೆ ಒಯ್ಯುವ ಮುನ್ನ ಇದನ್ನು ಪೂರ್ತಿ ಓದಿ. ನನಗೆ 34,500 ರೂಪಾಯಿ ಹೋಯಿತು. ಹಣ ಹೋದದ್ದಕ್ಕಿಂತ, ಹದಿನೇಳು ದಿನ ಊರಲ್ಲೆಲ್ಲ ಆ ಮೆಕ್ಯಾನಿಕ್ಕನ್ನು ಹೊಗಳುತ್ತ ತಿರುಗಿದೆನಲ್ಲ, ಆ ನಾಚಿಕೆ ಇನ್ನೂ ಆರಿಲ್ಲ. ಗ್ಯಾರೇಜಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ದಾವಣಗೆರೆಯಲ್ಲಿದೆ ಎಂದಷ್ಟೇ ಹೇಳುತ್ತೇನೆ.

ನನ್ನದು 1994ರ ಮಹೀಂದ್ರಾ ಎಂಎಂ 540. ಅದರಲ್ಲಿರುವುದು ಪ್ಯೂಜೋ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್, 2112 ಸಿಸಿಯದು. ಭೀಮಸಮುದ್ರದ ಹತ್ತಿರದ ನಮ್ಮ ಅಡಿಕೆ ತೋಟಕ್ಕೆ ಮಳೆಗಾಲದಲ್ಲಿ ಬೇರೆ ಯಾವ ಗಾಡಿಯೂ ಹೋಗುವುದಿಲ್ಲವಾದ್ದರಿಂದ ಇದನ್ನು ಮಾರದೆ ಉಳಿಸಿಕೊಂಡಿದ್ದೇನೆ. ಹೋದ ಮಾರ್ಚಿನಲ್ಲಿ ತೋಟದ ಹಿಂದಿನ ಏರಿನಲ್ಲಿ ಲೋ ಗೇರು ಹಾಕಿ ಹತ್ತಿಸುವಾಗ ಎಂಜಿನ್ನಿನ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟತೊಡಗಿತು. ಹೆದ್ದಾರಿಯಲ್ಲಿ ಖಾಲಿ ಗಾಡಿಯನ್ನು ಮೆಲ್ಲಗೆ ಓಡಿಸಿದರೆ ಏನೂ ತೊಂದರೆಯಿರಲಿಲ್ಲ. ಏರು, ಭಾರ, ಬಿಸಿಲು ಮೂರೂ ಸೇರಿದರೆ ಮಾತ್ರ ಕಾಯುತ್ತಿತ್ತು. ಗಾಡಿ ಬಲ್ಲವರಿಗೆ ಇಷ್ಟು ಹೇಳಿದರೆ ಸಾಕು, ಮೊದಲು ಎಂಜಿನ್ನಿನ ನೀರನ್ನು ತಣಿಸುವ ರೇಡಿಯೇಟರ್ ನೋಡಬೇಕು ಎಂದು ಅವರೇ ಹೇಳುತ್ತಾರೆ.

ಆ ಮಹಾಶಯರು ರೇಡಿಯೇಟರ್ ನೋಡಲಿಲ್ಲ. ಬಾನೆಟ್ ಎತ್ತಿದರು, ಎಂಜಿನ್ ಶಬ್ದವನ್ನು ಅರ್ಧ ನಿಮಿಷ ಕೇಳಿದರು, "ಹೆಡ್ ಗ್ಯಾಸ್ಕೆಟ್ ಹೋಗೈತೆ ಸಾರ್, ಹೆಡ್ಡೂ ಬೆಂಡ್ ಆಗಿರಬೇಕು" ಎಂದರು. ಹೆಡ್ ಎಂದರೆ ಎಂಜಿನ್ನಿನ ಮೇಲ್ಭಾಗ, ಅದಕ್ಕೂ ಕೆಳಗಿನ ಬ್ಲಾಕಿಗೂ ನಡುವೆ ಬಿಗಿಯಾಗಿ ಕೂರುವ ಹಾಳೆಯೇ ಗ್ಯಾಸ್ಕೆಟ್, ಅದು ಹೋದರೆ ನೀರು ಆಯಿಲ್ಲಿಗೆ ಸೇರಬಹುದು. ಆಯಿಲ್ ಮಟ್ಟ ನೋಡುವ ಡಿಪ್ ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆಸಿದಂತೆ ಬೆಳ್ಳಗಾಗಿಲ್ಲ, ರೇಡಿಯೇಟರಿನ ಕ್ಯಾಪ್ ತೆಗೆದು ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದರೆ ನೀರಿನಲ್ಲಿ ಗುಳ್ಳೆ ಬರುವುದಿಲ್ಲ, ಸೈಲೆನ್ಸರಿನಲ್ಲಿ ಬಿಳಿ ಹೊಗೆಯೂ ಇಲ್ಲ, ಹಾಗಿರುವಾಗ ಗ್ಯಾಸ್ಕೆಟ್ ಹೇಗೆ ಹೋಗುತ್ತದೆ ಎಂದು ಕೇಳಿದೆ. ಅದಕ್ಕೆ ಬಂದ ಉತ್ತರ: "ಆಯಿಲ್‌ಗೆ ನೀರು ಬರೋತನಕ ಕಾಯ್ತೀರಾ ಸಾರ್? ಆಮೇಲೆ ಎಂಜಿನ್ನೇ ಹೋಗ್ತದೆ." ನಾನು ಬೆದರಿದೆ. ರೇಡಿಯೇಟರ್ ಬಗ್ಗೆ ಕೇಳಿದರೆ, "ಅದು ಕಂಡೀಷನ್ ಐತೆ, ನಾನು ಕೈಯಿಟ್ಟೇ ನೋಡೀನಿ" ಎಂದರು. ಎಂಜಿನ್ ಕಾದಿರುವಾಗ ರೇಡಿಯೇಟರಿನ ಕೋರಿನ, ಅಂದರೆ ಕೊಳವೆಗಳ ಸಾಲಿನ, ಒಂದು ಭಾಗ ಸುಡುತ್ತಿದ್ದು ಇನ್ನೊಂದು ಭಾಗ ತಣ್ಣಗಿದ್ದರೆ ಒಳಗೆ ಕಟ್ಟಿಕೊಂಡಿದೆ ಎಂದು ಅರ್ಥ. ನಿಜಕ್ಕೂ ಕೈಯಿಟ್ಟಿದ್ದರೆ ಅದು ಗೊತ್ತಾಗದೆ ಇರುತ್ತಿರಲಿಲ್ಲ.

ಒಂಬತ್ತು ದಿನ ಗಾಡಿ ಅಲ್ಲೇ ಉಳಿಯಿತು. ಹೆಡ್ ಇಳಿಸಿ ಲೇತಿನಲ್ಲಿ ಫೇಸಿಂಗ್ ಮಾಡಿಸಿ ಮಟ್ಟಸಗೊಳಿಸಿದ್ದು, ಗ್ಯಾಸ್ಕೆಟ್ ಸೆಟ್, ವಾಟರ್ ಪಂಪ್, ಕೂಲೆಂಟ್, ಕೂಲಿ ಎಂದು ಬಾಯಲ್ಲೇ ಲೆಕ್ಕ ಹೇಳಿದರು. ತೆಗೆದ ಸಾಮಾನು ಕೊಡಿ ಎಂದರೆ ಗುಜರಿಯವನು ಒಯ್ದನಂತೆ. ಥರ್ಮೋಸ್ಟ್ಯಾಟ್ ವಾಲ್ವನ್ನು ತೆಗೆದೇ ಬಿಟ್ಟಿದ್ದರು. ಕೇಳಿದ್ದಕ್ಕೆ, "ಅದು ಚಳಿ ದೇಶದವರಿಗೆ ಸಾರ್, ನಮ್ಮ ಬಿಸಿಲಿಗೆ ಯಾಕೆ?" ಎಂದು ನಕ್ಕರು. ನಾನೂ ನಕ್ಕೆ. ಸುಮಾರು 82 ಡಿಗ್ರಿಗೆ ತೆರೆದುಕೊಳ್ಳುವ ಆ ವಾಲ್ವ್ ಎಂಜಿನ್ನು ತಕ್ಕಷ್ಟು ಬಿಸಿಯೇರಲಿ ಎಂದು ಇರುವುದೇ ಹೊರತು ದೇಶ ನೋಡಿ ಇಟ್ಟದ್ದಲ್ಲ ಎಂಬುದು ತಿಳಿದೂ ತಿಳಿದೂ ನಕ್ಕೆ.

ಇನ್ನು ನಾನು ಮೂರ್ಖನಾದ ಕಥೆ. ಗಾಡಿ ತಂದ ಮೇಲೆ ಮುಳ್ಳು ಮಧ್ಯದಲ್ಲೇ ನಿಂತಿತ್ತು. ದಾವಣಗೆರೆಯಿಂದ ಚಿತ್ರದುರ್ಗದವರೆಗೆ ಮಧ್ಯದಲ್ಲೇ. ಮರುದಿನವೂ ಮಧ್ಯದಲ್ಲೇ. ಕೂಲೆಂಟ್ ಬಾಟಲಿಯಲ್ಲಿ ಮಟ್ಟ ಇಳಿಯುತ್ತಿತ್ತು, ಹೊಸದಾಗಿ ತುಂಬಿಸಿದ್ದು ಹಾಗೆಯೇ ಇಳಿಯುತ್ತದೆ ಎಂದುಕೊಂಡು ತುಂಬಿಸುತ್ತಿದ್ದೆ. ಒಂದು ಬೆಳಿಗ್ಗೆ ಮಗಳನ್ನು ಕಾಲೇಜಿಗೆ ಬಿಡಲು ಕೀ ತಿರುಗಿಸಿ ಹೀಟರ್ ದೀಪ ಆರುವುದನ್ನು ಕಾಯುತ್ತಿದ್ದಾಗ ಅವಳು, "ಅಪ್ಪಾ, ಗಾಡಿ ಇನ್ನೂ ಸ್ಟಾರ್ಟೇ ಆಗಿಲ್ಲ, ಮುಳ್ಳು ಆಗಲೇ ಮಧ್ಯಕ್ಕೆ ಬಂತಲ್ಲ?" ಎಂದು ಕೇಳಿದಳು. ರಾತ್ರಿಯಿಡೀ ಅಂಗಳದಲ್ಲಿ ನಿಂತು ತಣ್ಣಗಾಗಿದ್ದ ಎಂಜಿನ್ನದು! ಹೊಸ ವಾಟರ್ ಪಂಪು ಹಾಕಿದರೆ ಹಾಗೆಯೇ ಎಂದು ನಾನು ಅವಳಿಗೆ ವಿವರಿಸಿದೆ. ಮೂವತ್ತು ವರ್ಷ ಗಾಡಿ ಓಡಿಸಿದವನು ಕೊಟ್ಟ ವಿವರಣೆ ಅದು.

ಹದಿನೆಂಟನೆಯ ದಿನ ಪೈಪು, ಮೋಟಾರು ಹೇರಿಕೊಂಡು ಅದೇ ಏರು ಹತ್ತಿಸುತ್ತಿದ್ದೆ. ಸುಟ್ಟ ವಾಸನೆ ಬಂತು, ಬಾನೆಟ್ಟಿನ ಸಂದಿಯಿಂದ ಹಬೆ ಬುಸ್ಸೆಂದು ಹೊರಟಿತು, ಎಂಜಿನ್ ಕಟಕಟ ಎನ್ನುತ್ತ ತಾನೇ ನಿಂತಿತು. ಆಗಲೂ ಮೀಟರ್ ನೋಡಿದರೆ ಮುಳ್ಳು ಮಧ್ಯದಲ್ಲೇ ಇತ್ತು, ಕೂದಲೆಳೆಯಷ್ಟೂ ಅಲುಗಾಡಿರಲಿಲ್ಲ. ಆಯಿಲ್ ನೋಡಿದರೆ ಈಗ ನಿಜವಾಗಿಯೂ ಬೆಳ್ಳಗಾಗಿತ್ತು. ಹೋಗದ ಗ್ಯಾಸ್ಕೆಟ್ಟಿಗೆ ದುಡ್ಡು ಕೊಟ್ಟು ಗ್ಯಾಸ್ಕೆಟ್ ಹೋಗುವಂತೆ ಮಾಡಿಸಿಕೊಂಡೆ.

ಚಿತ್ರದುರ್ಗದ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ವೈರು ಹುಡುಕುತ್ತ ಹೋಗಿ ಕಪ್ಪು ಟೇಪು ಸುತ್ತಿದ ಒಂದು ಗಂಟು ಬಿಚ್ಚಿದರು. ಗ್ಯಾರೇಜಿನವರು ಬಿಸಿ ಅಳೆಯುವ ಸೆನ್ಸರಿನಿಂದ ಬರುವ ವೈರನ್ನು ಕತ್ತರಿಸಿ, ಮೀಟರಿನ ಕಡೆಯ ತುದಿಗೆ ಒಂದು ಸಣ್ಣ ರೆಸಿಸ್ಟರ್ ಜೋಡಿಸಿ ಗಾಡಿಯ ಲೋಹದ ಬಾಡಿಗೆ ಅರ್ಥ್ ಕೊಟ್ಟಿದ್ದರು. ನೀರು ಕುದಿದರೂ, ನೀರೇ ಇಲ್ಲದಿದ್ದರೂ ಮುಳ್ಳು ಅಲ್ಲೇ ನಿಲ್ಲುವ ಏರ್ಪಾಡು ಅದು. "ಇದು ಗಾಡಿ ಮಾರೋರು ಮಾಡೋ ಕೆಲಸ, ರಿಪೇರಿ ಮಾಡೋರದ್ದಲ್ಲ" ಎಂದರು ಅವರು.

ಗ್ಯಾರೇಜಿಗೆ ಫೋನು ಮಾಡಿದೆ. ಮೊದಲ ಸಲ, "ಹಳೇ ಗಾಡಿ ಸಾರ್, ನಾವೇನ್ ದೇವ್ರಾ?" ಎಂದರು. ಎರಡನೆಯ ಸಲ ರೆಸಿಸ್ಟರಿನ ಮಾತೆತ್ತಿದೆ. ಒಂದು ಕ್ಷಣ ಸುಮ್ಮನಿದ್ದು, ತಗ್ಗಿದ ದನಿಯಲ್ಲಿ, ನನ್ನ ಮೇಲೆ ಕರುಣೆ ತೋರುವವರಂತೆ ಹೇಳಿದರು: "ನಿಮ್ಮ ಮೀಟ್ರು ಸುಮ್ನೆ ಜಾಸ್ತಿ ತೋರಿಸ್ತಿತ್ತು ಸಾರ್. ನಿಮಗೆ ಟೆನ್ಷನ್ ಆಗಬಾರದು ಅಂತ ಅಡ್ಜಸ್ಟ್ ಮಾಡಿದ್ದು." ನನಗೆ ಟೆನ್ಷನ್ ಆಗಬಾರದಂತೆ! ಬೈಯಬೇಕೆಂದುಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ಮೂರನೆಯ ಸಲ ಹುಡುಗನೊಬ್ಬ ಫೋನೆತ್ತಿ, ಅಣ್ಣ ಹರಿಹರಕ್ಕೆ ಹೋಗಿದ್ದಾರೆ ಎಂದ. ಅಂದಿನಿಂದ ಅವರು ಹರಿಹರದಲ್ಲೇ ಇದ್ದಾರೆ.

ನಿಜವಾದ ಕಾಯಿಲೆ ಸಿಕ್ಕಿದ್ದು ರೇಡಿಯೇಟರ್ ಕೆಲಸದವರಲ್ಲಿ. ಮೇಲಿನ ಟ್ಯಾಂಕ್ ಬಿಚ್ಚಿದಾಗ ಸುಮಾರು ಅರ್ಧದಷ್ಟು ಕೊಳವೆಗಳಲ್ಲಿ, ಸ್ನಾನದ ಹಂಡೆಯ ತಳದಲ್ಲಿ ಕಟ್ಟುತ್ತದಲ್ಲ, ಅದೇ ಬಿಳಿ ಚಕ್ಕೆ ತುಂಬಿತ್ತು. ನಮ್ಮ ಬೋರಿನ ಗಡಸು ನೀರನ್ನೇ ವರ್ಷಗಟ್ಟಲೆ ಸುರಿದದ್ದು ನನ್ನ ತಪ್ಪು, ಒಪ್ಪುತ್ತೇನೆ. ಕ್ಯಾಪಿನ ಸ್ಪ್ರಿಂಗೂ ಸತ್ತಿತ್ತು. ಒತ್ತಡ ಹಿಡಿದಿಡುವ ಕ್ಯಾಪ್ ಸರಿಯಿದ್ದರೆ ನೀರು ನೂರು ಡಿಗ್ರಿ ದಾಟಿದರೂ ಕುದಿಯದು, ಅದು ಸತ್ತರೆ ಬೇಗ ಕುದಿದು ಹೊರಚೆಲ್ಲುತ್ತದೆ. ಕೊಳವೆಗಳೊಳಗೆ ಸರಳು ಹಾಯಿಸಿ ಚಕ್ಕೆ ತೆಗೆಯುವ ರಾಡಿಂಗ್ ಮಾಡಿಸಿ, ಹೊಸ ಕ್ಯಾಪ್, ಹೊಸ ಥರ್ಮೋಸ್ಟ್ಯಾಟ್ ಹಾಕಿಸಲು ತಗುಲಿದ್ದು 4,800 ರೂಪಾಯಿ. ಮೊದಲೇ ಇಷ್ಟು ಮಾಡಿಸಿದ್ದರೆ ಹೆಡ್ ಇಳಿಸುವ ಪ್ರಶ್ನೆಯೇ ಬರುತ್ತಿರಲಿಲ್ಲ. ಈಗ ಎರಡನೆಯ ಸಲ ಇಳಿಸಬೇಕಾಯಿತು, ಅದರ ಖರ್ಚನ್ನು ಬರೆಯಲು ಮನಸ್ಸಿಲ್ಲ.

ಆದ್ದರಿಂದ ಕ್ಯಾಪ್, ಬೆಲ್ಟ್, ಥರ್ಮೋಸ್ಟ್ಯಾಟ್, ರೇಡಿಯೇಟರ್ ಇಷ್ಟನ್ನೂ ನಿಮ್ಮ ಕಣ್ಣೆದುರು ಪರೀಕ್ಷಿಸದೆ ಯಾರಿಗೂ ಹೆಡ್ ಬಿಚ್ಚಲು ಬಿಡಬೇಡಿ. ಗಾಡಿ ವಾಪಸ್ಸು ಬಂದ ಮರುದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಬರೀ ಕೀ ತಿರುಗಿಸಿ ಮುಳ್ಳು ನೋಡಿ. ಪಕ್ಕದಲ್ಲಿ ಕುಳಿತ ಮಕ್ಕಳು ಏನಾದರೂ ಕೇಳಿದರೆ ವಿವರಿಸಲು ಹೋಗಬೇಡಿ, ಇಳಿದು ಬಾನೆಟ್ ಎತ್ತಿ. ಬಿಲ್ಲನ್ನೂ ಕೇಳಿ ಪಡೆಯಿರಿ. ಗ್ರಾಹಕರ ಆಯೋಗಕ್ಕೆ ದೂರು ಕೊಡೋಣವೆಂದು ವಕೀಲರ ಬಳಿ ಹೋದಾಗ ಅವರು ಮೊದಲು ಕೇಳಿದ್ದು ಅದನ್ನೇ. ನನ್ನಲ್ಲಿರುವ ಚೀಟಿಯಲ್ಲಿ ಗ್ಯಾರೇಜಿನ ಹೆಸರಿಲ್ಲ, ನನ್ನ ಹೆಸರಿಲ್ಲ, ತಾರೀಖಿಲ್ಲ. "ಜೀಪು, 34,500" ಎಂದು ಪೆನ್ಸಿಲ್ಲಿನಲ್ಲಿ ಬರೆದಿದೆ, ಅಷ್ಟೇ.