ಮೆಟ್ರೋ ಕಾರ್ಡಾ, ಕ್ಯೂಆರ್ ಟಿಕೆಟ್ಟಾ, ಎನ್‌ಸಿಎಂಸಿನಾ? ಮೂರನ್ನೂ ಬಳಸಿ ನೋಡಿದ ಮೇಲೆ

ಬನಶಂಕರಿಯಲ್ಲಿ ಮನೆ, ವೈಟ್‌ಫೀಲ್ಡ್‌ನಲ್ಲಿ ಕೆಲಸ. ಬೆಂಗಳೂರಿನಲ್ಲಿ ಇಂಥ ಓಡಾಟ ಇರುವವರಿಗೆ ಮೆಟ್ರೋ ಇಲ್ಲದೆ ಗತಿ ಇಲ್ಲ. 2025ರ ಫೆಬ್ರವರಿಯಲ್ಲಿ ದರ ಏರಿದಾಗ 25 ಕಿಲೋಮೀಟರ್ ಮೀರಿದ ಪ್ರಯಾಣಕ್ಕೆ 90 ರೂಪಾಯಿ ಆಯಿತು. ಅದಕ್ಕೂ ಮುಂಚೆ ಎಷ್ಟೇ ದೂರ ಹೋದರೂ ಟಿಕೆಟ್ 60 ರೂಪಾಯಿ ದಾಟುತ್ತಿರಲಿಲ್ಲ. ಹೋಗಿ ಬರೋದಕ್ಕೆ ದಿನಕ್ಕೆ 180 ಅಂದಾಗ ಯಾವುದರಲ್ಲಿ ದುಡ್ಡು ಕೊಟ್ಟರೆ ಎಷ್ಟು ಉಳಿಯುತ್ತದೆ, ಯಾವುದರಲ್ಲಿ ತಲೆನೋವು ಕಡಿಮೆ ಅಂತ ಲೆಕ್ಕ ಹಾಕಲೇಬೇಕಾಗುತ್ತದೆ. ಹಾಗಾಗಿ ಹಳೇ ಸ್ಮಾರ್ಟ್ ಕಾರ್ಡ್, ಫೋನಿನ ಕ್ಯೂಆರ್ ಟಿಕೆಟ್, ಎನ್‌ಸಿಎಂಸಿ (ನ್ಯಾಷನಲ್ ಕಾಮನ್ ಮೊಬಿಲಿಟಿ ಕಾರ್ಡ್, ಅಂದರೆ ಬೇರೆ ಊರಿನ ಮೆಟ್ರೋದಲ್ಲೂ ನಡೆಯೋ ಕಾರ್ಡ್) ಮೂರನ್ನೂ ಬೇರೆ ಬೇರೆ ಕಾಲದಲ್ಲಿ ಸಾಕಷ್ಟು ದಿನ ಬಳಸಿ ನೋಡಿದ್ದೇನೆ. ಬರೀ ನಾನಲ್ಲ, ಮನೆಯಲ್ಲಿ ಅಮ್ಮ, ತಂಗಿ ಕೂಡ.

ಮೊದಲು ನಮ್ಮ ಮೆಟ್ರೋದ ಸ್ವಂತ ಸ್ಮಾರ್ಟ್ ಕಾರ್ಡ್. 2011ರಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ರೈಲು ಶುರುವಾದ ದಿನಗಳಿಂದಲೂ ಕಾರ್ಡ್ ಪದ್ಧತಿ ಇದೆ. ಕಾರ್ಡಿನ ಬೆಲೆ 50 ರೂಪಾಯಿ. ಕೌಂಟರಿಗೆ ಹೋಗಿ ದುಡ್ಡು ಕೊಟ್ಟರೆ ಕೈಗೆ ಬರುತ್ತದೆ, ಅಷ್ಟೇ. ಪ್ರತಿ ಪ್ರಯಾಣಕ್ಕೂ ಶೇಕಡ 5 ರಿಯಾಯಿತಿ. ವಾರದ ಕೆಲಸದ ದಿನಗಳಲ್ಲಿ ಬೆಳಗ್ಗೆ 8ಕ್ಕೆ ಮುಂಚೆ, ಮಧ್ಯಾಹ್ನ 12ರಿಂದ 4ರವರೆಗೆ, ರಾತ್ರಿ 9ರ ನಂತರ ಇನ್ನೂ ಶೇಕಡ 5 ಸೇರುತ್ತದೆ. ಭಾನುವಾರ ಮತ್ತು ಮೂರು ರಾಷ್ಟ್ರೀಯ ಹಬ್ಬಗಳಂದು ಇಡೀ ದಿನ ಶೇಕಡ 10.

ಇದನ್ನ ರೂಪಾಯಿಯಲ್ಲಿ ನೋಡೋಣ. 90 ರೂಪಾಯಿ ಪ್ರಯಾಣಕ್ಕೆ ಸಾಮಾನ್ಯ ಹೊತ್ತಲ್ಲಿ ನಾಲ್ಕೂವರೆ ರೂಪಾಯಿ ಉಳಿಯುತ್ತದೆ. ಜನ ಕಡಿಮೆ ಇರುವ ಹೊತ್ತಲ್ಲಿ 9 ರೂಪಾಯಿ. ತಿಂಗಳಿಗೆ 22 ದಿನ ಹೋಗಿ ಬಂದರೆ ಕಡಿಮೆ ಅಂದರೂ 198 ರೂಪಾಯಿ. ಬೆಳಗ್ಗೆ 8ಕ್ಕೆ ಮುಂಚೆ ಹೊರಡೋ ಅಭ್ಯಾಸ ಇದ್ದರೆ 297. ನಿಮ್ಮದು 10 ರೂಪಾಯಿಯ ಪುಟ್ಟ ದೂರವಾದರೆ ಸಿಗೋದು ಬರೀ 50 ಪೈಸೆ. ಅಂದರೆ ಕಾರ್ಡ್ ಕೊಂಡ 50 ರೂಪಾಯಿ ವಾಪಸ್ ಬರಲಿಕ್ಕೇ ನೀವು ನೂರು ಸಲ ಓಡಾಡಬೇಕು. ರಿಯಾಯಿತಿ ಅನ್ನೋದು ದೂರ ಹೋಗುವವರ ಲಾಭ. ಹತ್ತಿರದವರಿಗೆ ಕಾರ್ಡ್ ಬೇಕಾಗೋದು ದುಡ್ಡಿಗಲ್ಲ, ಸಾಲಿನಲ್ಲಿ ನಿಲ್ಲದೆ ಹೋಗೋದಕ್ಕೆ.

ಕಾರ್ಡಿನ ದೊಡ್ಡ ಗುಣ ಅಂದರೆ ಎಲ್ಲಿ ಇಳಿಯುತ್ತೀರಿ ಅಂತ ಮೊದಲೇ ಹೇಳಬೇಕಾಗಿಲ್ಲ. ಒಳಗೆ ಹೋಗುವಾಗ ಗೇಟು ಕಾರ್ಡಿನ ಚಿಪ್ಪಿನಲ್ಲಿ ಹತ್ತಿದ ಸ್ಟೇಷನ್ ಬರೆದುಕೊಳ್ಳುತ್ತದೆ. ಇಳಿಯುವಾಗ ದೂರ ಲೆಕ್ಕ ಹಾಕಿ ದುಡ್ಡು ಕಳೆಯುತ್ತದೆ. ಇಂದಿರಾನಗರಕ್ಕೆ ಅಂತ ಹೊರಟವರು ಮಧ್ಯದಲ್ಲಿ ಫೋನ್ ಬಂದು ಎಂ.ಜಿ. ರಸ್ತೆಯಲ್ಲೇ ಇಳಿದರೂ ಏನೂ ತೊಂದರೆ ಇಲ್ಲ. ಆದರೆ ಇದೇ ಕಾರಣಕ್ಕೆ ಒಂದು ಕಿರಿಕಿರಿಯೂ ಇದೆ. ನೀವು ಎಲ್ಲಿಯವರೆಗೆ ಹೋಗುತ್ತೀರಿ ಅಂತ ಗೇಟಿಗೆ ಗೊತ್ತಿಲ್ಲವಲ್ಲ, ಅದಕ್ಕೇ ಈಗ ಅತಿ ಹೆಚ್ಚಿನ ದರದಷ್ಟು ದುಡ್ಡು ಕಾರ್ಡಿನಲ್ಲಿ ಇರಲೇಬೇಕು. ದರ ಏರಿದಾಗ ಆ ಕನಿಷ್ಠ ಬ್ಯಾಲೆನ್ಸ್ 50ರಿಂದ 90ಕ್ಕೆ ಏರಿತು. ನ್ಯಾಷನಲ್ ಕಾಲೇಜಿನಿಂದ ಲಾಲ್‌ಬಾಗ್‌ಗೆ 10 ರೂಪಾಯಿ ಪ್ರಯಾಣ ಮಾಡೋರ ಕಾರ್ಡಿನಲ್ಲೂ 90 ರೂಪಾಯಿ ಇರಬೇಕು. ದಿನಗೂಲಿಯಲ್ಲಿ ಬದುಕುವವರಿಗೆ ಈ 90 ರೂಪಾಯಿ ಚಿಕ್ಕದಲ್ಲ. ಹತ್ತಿರದ ಪ್ರಯಾಣಿಕರಿಗೆ ಇದನ್ನ ಸಡಿಲ ಮಾಡಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ರೀಚಾರ್ಜ್ ವಿಷಯಕ್ಕೆ ಬಂದರೆ ಕೌಂಟರಿನಲ್ಲೂ ಆಗುತ್ತದೆ, ಫೋನಿನಲ್ಲೂ ಆಗುತ್ತದೆ. ಫೋನಿನಲ್ಲಿ ಮಾಡಿದ ದುಡ್ಡು ತಕ್ಷಣ ಕಾರ್ಡಿಗೆ ಬರೋದಿಲ್ಲ. ಬ್ಯಾಲೆನ್ಸ್ ಇರೋದು ಕಾರ್ಡಿನ ಚಿಪ್ಪಿನ ಒಳಗೇ. ಸ್ವಲ್ಪ ಹೊತ್ತು ಬಿಟ್ಟು ಸ್ಟೇಷನ್‌ಗೆ ಹೋಗಿ ಕಾರ್ಡ್ ತಾಗಿಸಿದಾಗಲೇ ಹೊಸ ಮೊತ್ತ ಅದರೊಳಗೆ ಬರೆಯಲ್ಪಡೋದು. ರಾತ್ರಿಯೇ ರೀಚಾರ್ಜ್ ಮಾಡಿಟ್ಟು ಬೆಳಗ್ಗೆ ಹೋದರೆ ಆರಾಮ. ಪ್ಲಾಟ್‌ಫಾರ್ಮ್‌ನಲ್ಲಿ ರೈಲು ಬರೋ ಸದ್ದು ಕೇಳುತ್ತಿರುವಾಗ ಗೇಟಿನ ಮುಂದೆ ನಿಂತು ಮಾಡಿದರೆ ಕೆಲಸಕ್ಕೆ ಬರೋದಿಲ್ಲ.

ಇನ್ನು ಕ್ಯೂಆರ್ ಟಿಕೆಟ್. 2022ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ, ವಾಟ್ಸಾಪ್‌ನಲ್ಲೂ ನಮ್ಮ ಮೆಟ್ರೋ ಆ್ಯಪ್‌ನಲ್ಲೂ ಶುರುವಾಯಿತು. ಈಗ ಆಟೋ ಬುಕ್ ಮಾಡುವ ಆ್ಯಪ್‌ಗಳಲ್ಲೂ ಮೆಟ್ರೋ ಟಿಕೆಟ್ ಸಿಗುತ್ತದೆ. ಹತ್ತುವ ಸ್ಟೇಷನ್, ಇಳಿಯುವ ಸ್ಟೇಷನ್ ಆರಿಸಿ, ಯುಪಿಐನಲ್ಲಿ ದುಡ್ಡು ಕೊಟ್ಟರೆ ಆಯಿತು. ಎಷ್ಟು ದೂರವೋ ಅಷ್ಟೇ ದುಡ್ಡು. 90 ರೂಪಾಯಿ ಕಟ್ಟಿಹಾಕಿಕೊಂಡು ಕೂರೋ ಪ್ರಶ್ನೆಯೇ ಇಲ್ಲ. ಅಪರೂಪಕ್ಕೆ ಮೆಟ್ರೋ ಹತ್ತುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ನಮ್ಮ ಮನೆಯಲ್ಲಿ ಇದು ಜಾಸ್ತಿ ಉಪಯೋಗಕ್ಕೆ ಬಂದಿದ್ದು ಊರಿಂದ ನೆಂಟರು ಬಂದಾಗ. 2023ರ ನವೆಂಬರ್‌ನಿಂದ ಒಂದೇ ಕ್ಯೂಆರ್‌ನಲ್ಲಿ ಆರು ಜನರವರೆಗೆ ಹೋಗಬಹುದು. ಅದೇ ಕೋಡನ್ನ ಗೇಟಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಲ ತೋರಿಸುತ್ತಾ ಹೋಗಬೇಕು. ದೊಡ್ಡಪ್ಪ, ದೊಡ್ಡಮ್ಮ, ಮಕ್ಕಳು ಎಲ್ಲರನ್ನೂ ಸಾಲಾಗಿ ಮುಂದೆ ಬಿಟ್ಟು ಕೊನೆಗೆ ನಾನು ದಾಟಿದರೆ ಮುಗಿಯಿತು. ಎಲ್ಲರೂ ಆಚೆ ಹೋಗುವವರೆಗೆ ಫೋನ್ ಇಟ್ಟುಕೊಂಡವರು ಗೇಟ್ ದಾಟಬಾರದು, ಅದೊಂದೇ ನೆನಪಿಡಬೇಕಾದ್ದು.

ತೊಂದರೆ ಬರೋದು ದಿನಾ ಬಳಸುವಾಗ. ಮೆಜೆಸ್ಟಿಕ್‌ನಲ್ಲಿ ಸಂಜೆ ಆರೂವರೆಗೆ ಜನ ಹಿಂದಿನಿಂದ ತಳ್ಳುತ್ತಿರುತ್ತಾರೆ. ಆಗ ಫೋನ್ ಅನ್‌ಲಾಕ್ ಮಾಡಿ, ಆ್ಯಪ್ ತೆರೆದು, ಟಿಕೆಟ್ ಹುಡುಕಿ, ಪರದೆಯ ಬೆಳಕು ಏರಿಸಿ, ಗಾಜಿನ ಮೇಲೆ ಸರಿಯಾಗಿ ಹಿಡಿಯಬೇಕು. ಪರದೆ ಒಡೆದಿದ್ದರೆ ಓದೋದೇ ಇಲ್ಲ. ಅದೇ ಹೊತ್ತಿನಲ್ಲಿ ಪಕ್ಕದ ಗೇಟಿನಲ್ಲಿ ಕಾರ್ಡ್ ಇರುವವರು ಮೂರು ಜನ ದಾಟಿರುತ್ತಾರೆ. ಸಂಜೆ ಹೊತ್ತಿಗೆ ಚಾರ್ಜ್ ಮುಗಿಯೋ ಹಳೇ ಫೋನ್ ಆದರಂತೂ ಒಳಗೆ ಹೋದವರಿಗೆ ಹೊರಗೆ ಬರೋದು ಕಷ್ಟ, ಯಾಕೆಂದರೆ ಇಳಿಯುವಾಗಲೂ ಅದೇ ಕೋಡ್ ಬೇಕು. ಇನ್ನೊಂದು, ಟಿಕೆಟ್ ತೆಗೆದುಕೊಂಡ ಸ್ಟೇಷನ್‌ಗಿಂತ ಮುಂದೆ ಇಳಿದರೆ ಹೆಚ್ಚಿನ ದುಡ್ಡು ಕಟ್ಟಲು ಸಹಾಯ ಕೌಂಟರಿಗೆ ಹೋಗಬೇಕು.

ಟೋಕನ್ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ಪೂರ್ತಿ ದರ, ಉದ್ದ ಸಾಲು. ಸ್ಮಾರ್ಟ್‌ಫೋನೂ ಇಲ್ಲದ, ಯಾವಾಗಲೋ ಒಮ್ಮೆ ಬರುವವರಿಗೆ ಅದು ಇರಲೇಬೇಕು. ದಿನಾ ಓಡಾಡುವವರು ಟೋಕನ್ ಸಾಲಿನಲ್ಲಿ ನಿಂತಿರೋದು ನೋಡಿದರೆ ಮಾತ್ರ ಕಾರ್ಡ್ ಮಾಡಿಸಿಕೊಳ್ಳಿ ಅಂತ ಹೇಳೋಣ ಅನ್ನಿಸುತ್ತದೆ.

ಮೂರನೆಯದು ಎನ್‌ಸಿಎಂಸಿ. ಒಂದು ದೇಶ, ಒಂದು ಕಾರ್ಡ್ ಅಂತ 2019ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ತಂದ ರುಪೇ ಕಾರ್ಡ್ ಇದು. ನಮ್ಮ ಮೆಟ್ರೋ ಸ್ಟೇಷನ್‌ಗಳಲ್ಲಿ 2023ರಿಂದ ಸಿಗುತ್ತಿದೆ. ಕೆಲವು ಬ್ಯಾಂಕುಗಳ ರುಪೇ ಡೆಬಿಟ್ ಕಾರ್ಡಿನಲ್ಲೂ ಈ ಸೌಲಭ್ಯ ಇರುತ್ತದೆ. ಗೇಟಿನಲ್ಲಿ ಇದು ಸ್ಮಾರ್ಟ್ ಕಾರ್ಡ್ ಥರಾನೇ ಕೆಲಸ ಮಾಡುತ್ತದೆ.

ಇದರಲ್ಲಿ ಅರ್ಥ ಮಾಡಿಕೊಳ್ಳಬೇಕಾದ್ದು ಒಂದಿದೆ. ಒಂದೇ ಕಾರ್ಡಿನಲ್ಲಿ ಎರಡು ಜೇಬು ಇವೆ. ಒಂದು ಬ್ಯಾಂಕಿನ ಹತ್ತಿರ ಇರುವ ಖಾತೆ. ಇನ್ನೊಂದು ಚಿಪ್ಪಿನಲ್ಲಿ ಇರುವ ಆಫ್‌ಲೈನ್ ಬ್ಯಾಲೆನ್ಸ್, ಅದರಲ್ಲಿ 2000 ರೂಪಾಯಿಗಿಂತ ಹೆಚ್ಚು ಇಡುವಂತಿಲ್ಲ. ಮೆಟ್ರೋ ಗೇಟು ನೋಡೋದು ಚಿಪ್ಪಿನ ಬ್ಯಾಲೆನ್ಸನ್ನ ಮಾತ್ರ. ಆ್ಯಪ್‌ನಲ್ಲಿ ದುಡ್ಡು ಹಾಕಿದ ಮೇಲೆ ಸ್ಟೇಷನ್ನಿನ ಯಂತ್ರದಲ್ಲಿ ಕಾರ್ಡ್ ಇಟ್ಟು ಚಿಪ್ಪಿಗೆ ಇಳಿಸಿಕೊಳ್ಳಬೇಕು. ನನ್ನ ಕಾರ್ಡ್ ಕೊಟ್ಟ ಬ್ಯಾಂಕಿನ ಆ್ಯಪ್‌ನಲ್ಲಿ ಎರಡೂ ಮೊತ್ತ ಒಂದೇ ಕಡೆ, ಒಂದೇ ಥರದ ಅಕ್ಷರದಲ್ಲಿ ಕಾಣುತ್ತಿದ್ದವು. ಆ್ಯಪ್‌ನಲ್ಲಿ 500 ಇದೆ, ಗೇಟು ಬ್ಯಾಲೆನ್ಸ್ ಸಾಲದು ಅನ್ನುತ್ತದೆ. ಸಹಾಯವಾಣಿಗೆ ಫೋನ್ ಮಾಡಿದರೆ ಮೆಟ್ರೋದವರನ್ನ ಕೇಳಿ ಅಂದರು, ಮೆಟ್ರೋ ಕೌಂಟರಿನವರು ಕಾರ್ಡನ್ನ ಯಂತ್ರದ ಮೇಲಿಟ್ಟು ಒಂದು ನಿಮಿಷದಲ್ಲಿ ಸರಿ ಮಾಡಿಕೊಟ್ಟರು. ಕಾರ್ಡ್ ಮಾರುವವರು ಇದನ್ನ ಮೊದಲ ದಿನವೇ ಕೂರಿಸಿ ಹೇಳಬೇಕು. ದುಡ್ಡು ಹಾಕಿಯೂ ಗೇಟಿನ ಮುಂದೆ ನಿಲ್ಲೋ ಪರಿಸ್ಥಿತಿ ಯಾರಿಗೂ ಬರಬಾರದು.

ಇಷ್ಟಿದ್ದರೂ ಎನ್‌ಸಿಎಂಸಿಯನ್ನ ನಾನು ಬಿಟ್ಟಿಲ್ಲ. ಕಾರಣ ಚೆನ್ನೈ. ಕೆಲಸದ ಮೇಲೆ ಅಲ್ಲಿಗೆ ಹೋದಾಗ ಬೆಂಗಳೂರಿನಲ್ಲಿ ಮಾಡಿಸಿದ ಅದೇ ಕಾರ್ಡನ್ನ ಅಲ್ಲಿನ ಮೆಟ್ರೋ ಗೇಟಿಗೆ ತಾಗಿಸಿದೆ, ಬಾಗಿಲು ತೆರೆಯಿತು. ಭಾಷೆ ಬರದ ಊರಲ್ಲಿ ಟಿಕೆಟ್ ಕೇಳೋ ಗೋಜಿಲ್ಲದೆ ಸೀದಾ ಒಳಗೆ ಹೋಗೋದು ಎಷ್ಟು ನೆಮ್ಮದಿ ಅಂತ ಅನುಭವಿಸಿದವರಿಗೇ ಗೊತ್ತು. ಚೆನ್ನೈ ಮೆಟ್ರೋ 2025ರ ಆಗಸ್ಟ್‌ನಿಂದ ತನ್ನ ಹಳೇ ಕಾರ್ಡುಗಳ ರೀಚಾರ್ಜನ್ನೇ ನಿಲ್ಲಿಸಿ ಎಲ್ಲರನ್ನೂ ಎನ್‌ಸಿಎಂಸಿಗೆ ಕರೆದುಕೊಂಡು ಹೋಗಿದೆ. ದೆಹಲಿ ಮೆಟ್ರೋದಲ್ಲೂ ಇದು ನಡೆಯುತ್ತದೆ. ಬೇರೆ ಊರಿಗೆ ಓಡಾಟ ಇರುವವರು ಕಣ್ಣು ಮುಚ್ಚಿ ಇದನ್ನೇ ತೆಗೆದುಕೊಳ್ಳಬಹುದು.

ಆದರೆ ಅಮ್ಮನಿಗೆ ನಾನು ಕೊಡಿಸಿದ್ದು ಹಳೇ ಸ್ಮಾರ್ಟ್ ಕಾರ್ಡ್. ಈ ಹೋಲಿಕೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಇದೇ. ಅಮ್ಮನಿಗೆ ಫೋನ್ ಇದೆ, ಆದರೆ ಅದರಲ್ಲಿ ದುಡ್ಡು ಕಟ್ಟೋದು ಅಂದರೆ ಭಯ. ದಿನಾ ಬರೋ ಮೋಸದ ಕರೆಗಳ ಸುದ್ದಿ ಕೇಳಿ ಕೇಳಿ ಆ ಭಯ ಇನ್ನೂ ಜಾಸ್ತಿ ಆಗಿದೆ, ಅದರಲ್ಲಿ ತಪ್ಪೇನಿದೆ? "ನೀನು ಫೋನಲ್ಲೇ ಮಾಡ್ಕೋ ಮಗಾ, ನಂಗೆ ಕಾರ್ಡೇ ಸಾಕು" ಅಂತಾರೆ. ಜೊತೆಗೆ ಹೆಸರು, ನಂಬರು, ಒಟಿಪಿ ಅಂತ ಏನೂ ಕೇಳದ ಕಾರ್ಡ್ ಅದು. ಮುಂಚೆ ಮಲ್ಲೇಶ್ವರದಲ್ಲಿರುವ ಚಿಕ್ಕಮ್ಮನ ಮನೆಗೆ ಹೋಗಬೇಕು ಅಂದರೆ ನಮ್ಮಲ್ಲಿ ಯಾರಿಗಾದರೂ ರಜ ಇರುವ ದಿನ ನೋಡಬೇಕಾಗಿತ್ತು. ಈಗ ಬನಶಂಕರಿಯಲ್ಲಿ ಹತ್ತಿ ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆಯಲ್ಲಿ ಇಳಿಯುತ್ತಾರೆ. ಒಂದೇ ಹಸಿರು ಮಾರ್ಗ, ಎಲ್ಲೂ ರೈಲು ಬದಲಿಸೋದಿಲ್ಲ.

ಕಾರ್ಡ್ ಅವರ ಚಿಕ್ಕ ಪರ್ಸಿನಲ್ಲಿ ಇರುತ್ತದೆ. ಅದನ್ನ ಹೊರಗೆ ತೆಗೆಯೋದೂ ಇಲ್ಲ, ಪರ್ಸನ್ನೇ ಗೇಟಿನ ಮೇಲೆ ಇಡುತ್ತಾರೆ, ಗೇಟು ತೆರೆಯುತ್ತದೆ. ಒಂದು ಎಚ್ಚರಿಕೆ: ಅದೇ ಪರ್ಸಿನಲ್ಲಿ ತಾಗಿಸಿದರೆ ಕೆಲಸ ಮಾಡುವ ಬ್ಯಾಂಕ್ ಕಾರ್ಡ್ ಇದ್ದರೆ ಯಂತ್ರಕ್ಕೆ ಯಾವುದನ್ನ ಓದಬೇಕು ಅಂತ ಗೊಂದಲ ಆಗುತ್ತದೆ. ಮೆಟ್ರೋ ಕಾರ್ಡಿಗೆ ಬೇರೆ ಖಾನೆ ಇರಲಿ. ಇಳಿಯುವಾಗ ಗೇಟಿನ ಪುಟ್ಟ ಪರದೆಯಲ್ಲಿ ಉಳಿದ ಬ್ಯಾಲೆನ್ಸ್ ಕಾಣುತ್ತದೆ. ಅಮ್ಮ ಅದನ್ನ ನಿಂತು ಓದಿಕೊಂಡೇ ಮುಂದೆ ಹೋಗೋದು. ಇನ್ನೂರಕ್ಕಿಂತ ಕಡಿಮೆ ಆದರೆ ಅಲ್ಲೇ ಕೌಂಟರಿನಲ್ಲಿ ನೋಟು ಕೊಟ್ಟು ಹಾಕಿಸಿಕೊಳ್ಳುತ್ತಾರೆ. ಎಲ್ಲವನ್ನೂ ಫೋನಿಗೆ ಹಾಕಿಬಿಡೋಣ ಅನ್ನುವವರು ಇಂಥವರನ್ನ ನೆನಪಿಟ್ಟುಕೊಳ್ಳಬೇಕು. ಕೌಂಟರಿನಲ್ಲಿ ನೋಟು ತೆಗೆದುಕೊಂಡು ರೀಚಾರ್ಜ್ ಮಾಡಿಕೊಡೋ ಮನುಷ್ಯ ಇರುವವರೆಗೆ ಮಾತ್ರ ನನ್ನ ಅಮ್ಮ ಒಬ್ಬರೇ ಊರು ಸುತ್ತಬಲ್ಲರು.

ಹಳೇ ಕಾರ್ಡಿನ ಕೊರತೆ ಅಂದರೆ ಕಳೆದರೆ ಕಳೆದಂತೆ. ಅದಕ್ಕೇ ಅಮ್ಮನ ಕಾರ್ಡಿನಲ್ಲಿ 500ಕ್ಕಿಂತ ಜಾಸ್ತಿ ಇಡೋದಿಲ್ಲ. ಎನ್‌ಸಿಎಂಸಿ ಕಳೆದರೆ ಬ್ಯಾಂಕಿಗೆ ಹೇಳಿ ಖಾತೆಯ ದುಡ್ಡು ಉಳಿಸಿಕೊಳ್ಳಬಹುದು, ಚಿಪ್ಪಿನಲ್ಲಿರೋದಕ್ಕೆ ಅಲ್ಲೂ ರಕ್ಷಣೆ ಇಲ್ಲ.

ಇಷ್ಟೂ ಆಯಿತು, ಸ್ಟೇಷನ್‌ನಿಂದ ಮನೆಗೆ? ಅಲ್ಲಿಂದ ಬಿಎಂಟಿಸಿ ಬಸ್ಸು. ನನ್ನ ಮೆಟ್ರೋ ಸ್ಮಾರ್ಟ್ ಕಾರ್ಡ್ ಬಸ್ಸಿನಲ್ಲಿ ನಡೆಯೋದಿಲ್ಲ. ಬಸ್ಸಿಗೆ ಯುಪಿಐ, ಇಲ್ಲ ಚಿಲ್ಲರೆ, ಇಲ್ಲ ಪಾಸು. 2025ರ ಜನವರಿಯಲ್ಲಿ ಬಸ್ ದರ ಶೇಕಡ 15 ಏರಿದ ಮೇಲೆ ಸಾಮಾನ್ಯ ಬಸ್ಸಿನ ದಿನದ ಪಾಸು 80, ತಿಂಗಳ ಪಾಸು 1200 ರೂಪಾಯಿ ಆಯಿತು. ಮೆಟ್ರೋಗೂ ಕೊಟ್ಟು, ಸ್ಟೇಷನ್‌ನಿಂದ ಎರಡು ಸ್ಟಾಪ್ ಹೋಗೋದಕ್ಕೆ ತಿಂಗಳ ಪಾಸೂ ಮಾಡಿಸೋದು ಯಾರಿಗೂ ಗಿಟ್ಟೋದಿಲ್ಲ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಅಮ್ಮನಿಗೂ ತಂಗಿಗೂ ಸಾಮಾನ್ಯ ಬಸ್ಸು ಉಚಿತ, ಹಾಗಾಗಿ ಅವರಿಗೆ ಈ ಲೆಕ್ಕ ಬೇಕಿಲ್ಲ. ತಂಗಿಯಂತೂ ಟ್ರಾಫಿಕ್ ಇಲ್ಲದ ಹೊತ್ತಾದರೆ ಮೆಟ್ರೋ ಬಿಟ್ಟು ಬಸ್ಸೇ ಹತ್ತುತ್ತಾಳೆ, ಮಳೆ ಬಂದ ದಿನ ಮಾತ್ರ ಕ್ಯೂಆರ್. ಅವಳ ಓಡಾಟಕ್ಕೆ ಅದೇ ಸರಿ.

ಒಂದೇ ಕಾರ್ಡಿನಲ್ಲಿ ಮೆಟ್ರೋನೂ ಬಸ್ಸೂ ಆಗೋದು ಸಾಧ್ಯವೇ ಇಲ್ಲದ ಮಾತೇನಲ್ಲ. ಚೆನ್ನೈನಲ್ಲಿ ಸಿಂಗಾರ ಚೆನ್ನೈ ಅನ್ನೋ ಎನ್‌ಸಿಎಂಸಿ ಕಾರ್ಡನ್ನ 2025ರ ಜನವರಿಯಿಂದ ಊರಿನ ಬಸ್ಸುಗಳಲ್ಲೂ ತೆಗೆದುಕೊಳ್ಳುತ್ತಾರೆ. ಕಂಡಕ್ಟರ್ ಕೈಯಲ್ಲಿರುವ ಟಿಕೆಟ್ ಯಂತ್ರಕ್ಕೆ ಕಾರ್ಡ್ ತಾಗಿಸಿದರೆ ಟಿಕೆಟ್ ಬರುತ್ತದೆ. ನಮ್ಮಲ್ಲೂ ಎಲ್ಲಾ ಬಸ್ಸಿನಲ್ಲೂ ಇದು ಬರಬೇಕು, ಜೊತೆಗೆ ಮೆಟ್ರೋ ಇಳಿದು ಬಸ್ ಹತ್ತಿದವರಿಗೆ ಬಸ್ ಟಿಕೆಟ್‌ನಲ್ಲಿ ಒಂದಿಷ್ಟು ಬಿಡಬೇಕು. ಬನಶಂಕರಿ ಸ್ಟೇಷನ್ ಪಕ್ಕದಲ್ಲೇ ಬಿಎಂಟಿಸಿ ನಿಲ್ದಾಣ ಇದೆ. ಈ ಕೆಲಸವನ್ನ ಅಲ್ಲಿಂದಲೇ ಶುರು ಮಾಡಬಹುದು.